ವೇಪ್ ಎಳೆದು ಅರಿಶಿನ ಹಾಲು ಕುಡಿದರೆ ಸರಿಹೋಗುತ್ತದೆಯೇ?

ವೇಪ್ ಮಾಡುವವರ, ಅಂದರೆ ಇ-ಸಿಗರೇಟ್ ಎಳೆಯುವವರ ನಡುವೆ ಎರಡು ಮಾತು ಪದೇ ಪದೇ ಕೇಳಿಬರುತ್ತವೆ. ಒಂದು, "ಇದ್ರಲ್ಲಿ ನಿಕೋಟಿನ್ ಇಲ್ಲ, ಹರ್ಬಲ್ಲು." ಇನ್ನೊಂದು, "ದಿನಾ ಅರಿಶಿನ ಹಾಲು ಕುಡೀತೀನಿ, ವಿಟಮಿನ್ ಮಾತ್ರೆನೂ ತಗೋತೀನಿ, ಏನೂ ಆಗಲ್ಲ." ಎರಡೂ ಸುಮ್ನೆ ಹುಟ್ಟಿದ ಮಾತುಗಳಲ್ಲ. ಇ-ಸಿಗರೇಟಿನಿಂದ ಜೀವಕೋಶಗಳಿಗೆ ಆಗುವ ಹಾನಿಯನ್ನು ಗಿಡಗಳಲ್ಲಿರುವ ಸತ್ವಗಳು ತಗ್ಗಿಸಬಲ್ಲವೇ ಎಂದು ವಿಷವಿಜ್ಞಾನಿಗಳು ನಿಜವಾಗಿಯೂ ಹುಡುಕುತ್ತಿದ್ದಾರೆ. ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವರ್ಸೆಟಿನ್, ಬ್ರೊಕೋಲಿಯ ಸಲ್ಫೊರಾಫೇನ್, ವಿಟಮಿನ್ ಸಿ, ವಿಟಮಿನ್ ಇ ಇವೆಲ್ಲ ಪ್ರಯೋಗಾಲಯಗಳಲ್ಲಿ ದಿನನಿತ್ಯ ಪರೀಕ್ಷೆಗೆ ಒಳಗಾಗುವ ವಸ್ತುಗಳು. ಕೆಲವು ಕಡೆ ಒಳ್ಳೆಯ ಫಲಿತಾಂಶವೂ ಸಿಕ್ಕಿದೆ.

ಆದರೆ ಪ್ರಯೋಗಾಲಯದಲ್ಲಿ ಸಿಕ್ಕ ಉತ್ತರ ವಾಟ್ಸಾಪಿಗೆ ಬರುವಷ್ಟರಲ್ಲಿ ಪೂರಾ ಬದಲಾಗಿರುತ್ತದೆ. ಅಲ್ಲಿ ಕೇಳಿದ ಪ್ರಶ್ನೆ ಏನು, ಅಳೆದದ್ದು ಏನು, ಅದು ಮನುಷ್ಯನ ಎದೆಗೂಡಿನವರೆಗೆ ತಲುಪುತ್ತದೆಯೇ? ಮೊದಲಿನಿಂದಲೇ ನೋಡೋಣ.

ಆ ಪುಟ್ಟ ಸಾಧನದೊಳಗೆ

ಇ-ಸಿಗರೇಟಿನಲ್ಲಿ ಎಲೆ ಸುಡುವುದಿಲ್ಲ. ಒಂದು ಬ್ಯಾಟರಿ, ಒಂದು ಲೋಹದ ಕಾಯಿಲ್, ದ್ರವ ಹೀರಿಕೊಳ್ಳುವ ಒಂದು ಬತ್ತಿ, ಇಷ್ಟೇ. ಎಳೆದ ಕೂಡಲೇ ಕಾಯಿಲ್ ಕಾಯುತ್ತದೆ. ಬತ್ತಿಯಲ್ಲಿರುವ ದ್ರವ ಆವಿಯಾಗಿ, ಮರುಕ್ಷಣವೇ ತಣ್ಣಗಾಗಿ, ಅತಿ ಸಣ್ಣ ಹನಿಗಳ ಮೋಡವಾಗಿ ಬಾಯಿಗೆ ಬರುತ್ತದೆ. ಜನ ಅದನ್ನು ನೀರಿನ ಆವಿ ಅಂದುಕೊಳ್ಳುತ್ತಾರೆ. ಅದು ನೀರಾವಿ ಅಲ್ಲ. ಇವತ್ತು ಚಲಾವಣೆಯಲ್ಲಿರುವ ಮಾದರಿಯನ್ನು ಚೀನಾದ ಹೊನ್ ಲಿಕ್ ಎಂಬ ಔಷಧ ತಜ್ಞರು 2003ರ ಸುಮಾರಿಗೆ ರೂಪಿಸಿದರು. ಅಂದರೆ ಈ ವಸ್ತುವಿಗೆ ವಯಸ್ಸು ಇಪ್ಪತ್ತು ಚಿಲ್ಲರೆ ವರ್ಷ ಮಾತ್ರ. ಮೂವತ್ತು, ನಲವತ್ತು ವರ್ಷ ಸೇದಿದವರಿಗೆ ಏನಾಗುತ್ತದೆ ಎಂದು ನೋಡಲು ಅಂಥವರು ಇನ್ನೂ ಇಲ್ಲವೇ ಇಲ್ಲ.

ದ್ರವದಲ್ಲಿ ಹೆಚ್ಚಿನ ಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅದಕ್ಕೆ ನಿಕೋಟಿನ್ ಮತ್ತು ಸುವಾಸನೆ ಸೇರಿಸುತ್ತಾರೆ. ಗ್ಲಿಸರಿನ್ ಕೇಕ್‌ನಲ್ಲೂ ಇರುತ್ತದೆ, ಕೆಮ್ಮಿನ ಸಿರಪ್‌ನಲ್ಲೂ ಇರುತ್ತದೆ. ಹಾಗಾದರೆ ತೊಂದರೆ ಎಲ್ಲಿ? ಬಿಸಿ ಮಾಡುವುದರಲ್ಲಿ. ಕಾಯಿಲ್ ಮೇಲೆ ಈ ದ್ರವಗಳ ಒಂದಷ್ಟು ಭಾಗ ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲೀನ್ ಹುಟ್ಟುತ್ತವೆ. ಮೂರೂ ಜೀವಕೋಶಗಳಿಗೆ ತಾಗಿದರೆ ಸುಮ್ಮನಿರುವ ವಸ್ತುಗಳಲ್ಲ.

ಎಷ್ಟು ಹುಟ್ಟುತ್ತವೆ ಎನ್ನುವುದರ ಬಗ್ಗೆ ದೊಡ್ಡ ಜಗಳವೇ ನಡೆದಿದೆ. 2015ರಲ್ಲಿ ಅಮೆರಿಕದ ಸಂಶೋಧಕರು ಒಂದು ಸಾಧನವನ್ನು 3.3 ವೋಲ್ಟ್‌ನಲ್ಲಿ ನಡೆಸಿದಾಗ ಫಾರ್ಮಾಲ್ಡಿಹೈಡ್‌ನ ಸುಳಿವು ಸಿಗಲಿಲ್ಲ. 5 ವೋಲ್ಟ್‌ಗೆ ಏರಿಸಿದಾಗ ಬೇಕಾದಷ್ಟು ಸಿಕ್ಕಿತು. ಕೂಡಲೇ ಆಕ್ಷೇಪ ಬಂತು: ಅಷ್ಟು ಬಿಸಿಯಲ್ಲಿ ಬತ್ತಿ ಒಣಗಿ ಸುಟ್ಟ ರುಚಿ ಬರುತ್ತದೆ, ಯಾರೂ ಹಾಗೆ ಎಳೆಯಲಾರರು ಎಂದು. ಆಕ್ಷೇಪದಲ್ಲಿ ಹುರುಳಿತ್ತು. ಈ ಜಗಳದಿಂದ ನಮಗೆ ತಿಳಿಯಬೇಕಾದದ್ದು ಇಷ್ಟು: 'ವೇಪ್' ಎನ್ನುವುದು ಒಂದೇ ವಸ್ತುವಲ್ಲ. ಸಾಧನ, ಬಿಸಿ, ದ್ರವ, ಸುವಾಸನೆ ಬದಲಾದಂತೆ ಒಳಗೆ ಹೋಗುವುದೂ ಬದಲಾಗುತ್ತದೆ.

ಲೋಹದ ವಿಷಯವೂ ಇದೆ. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಮಂದಿ ಬಳಕೆದಾರರು ದಿನಾ ಬಳಸುವ ಸಾಧನಗಳನ್ನೇ ತರಿಸಿಕೊಂಡು ಪರೀಕ್ಷಿಸಿದರು. ಬಾಟಲಿಯಲ್ಲಿದ್ದ ದ್ರವದಲ್ಲಿ ಲೋಹ ತೀರಾ ಕಡಿಮೆ ಇತ್ತು. ಅದೇ ದ್ರವ ಕಾಯಿಲ್ ದಾಟಿ ಬಂದ ಮೇಲೆ ಸೀಸ, ನಿಕಲ್, ಕ್ರೋಮಿಯಂ ಹೆಚ್ಚಾಗಿದ್ದವು. ಲೋಹ ಬಂದದ್ದು ಸಾಧನದ ಒಳಗಿಂದಲೇ ಎಂದಾಯಿತು.

ಸಿಗರೇಟಿಗೆ ಹೋಲಿಸಿದರೆ? ಎಲೆ ಸುಡದಿರುವುದರಿಂದ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ, ಹಲವು ವಿಷವಸ್ತುಗಳ ಪ್ರಮಾಣವೂ ಕಡಿಮೆ. ಇದು ನಿಜ. ಸಿಗರೇಟಿಗಿಂತ ಕಡಿಮೆ ಎಂದರೆ ಹಾನಿ ಇಲ್ಲ ಎಂದಲ್ಲ, ಇದೂ ನಿಜ. ಯಾವತ್ತೂ ಸಿಗರೇಟು ಮುಟ್ಟದ ಹದಿನೆಂಟರ ಹುಡುಗನಿಗೆ ಹೋಲಿಕೆ ಸಿಗರೇಟಿನ ಜೊತೆಗಲ್ಲ, ಶುದ್ಧ ಗಾಳಿಯ ಜೊತೆಗೆ ಅಲ್ವಾ?

ಆ್ಯಂಟಿಆಕ್ಸಿಡೆಂಟ್ ಅಂದರೆ ಏನು ಮಾಡುತ್ತದೆ

ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಕೆಲವು ಚಂಚಲ ಅಣುಗಳು ಹುಟ್ಟುತ್ತವೆ. ಇವುಗಳಲ್ಲಿ ಕೆಲವನ್ನು ಫ್ರೀ ರ್‍ಯಾಡಿಕಲ್ ಎನ್ನುತ್ತಾರೆ. ಇವುಗಳಲ್ಲಿ ಒಂದು ಎಲೆಕ್ಟ್ರಾನ್ ಜೊತೆಯಿಲ್ಲದೆ ಒಂಟಿಯಾಗಿರುತ್ತದೆ. ಅದಕ್ಕೆ ಜೋಡಿ ಹುಡುಕಲು ಅಕ್ಕಪಕ್ಕದ ಕೊಬ್ಬು, ಪ್ರೋಟೀನ್, ಡಿಎನ್ಎ ಯಾವುದರಿಂದ ಬೇಕಾದರೂ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಕಳೆದುಕೊಂಡ ಅಣು ತಾನೂ ಚಂಚಲವಾಗುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ.

ತಮ್ಮದೊಂದು ಎಲೆಕ್ಟ್ರಾನ್ ಕೊಟ್ಟು, ತಾವು ಮಾತ್ರ ಶಾಂತವಾಗಿಯೇ ಉಳಿದು ಈ ಸರಪಳಿ ಕಡಿಯುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್‌ಗಳು. ವಿಟಮಿನ್ ಸಿ, ವಿಟಮಿನ್ ಇ ಈ ಗುಂಪಿನವು. ಆದರೆ ದೇಹ ಊಟದಲ್ಲಿ ಬರುವುದನ್ನೇ ನಂಬಿ ಕೂತಿಲ್ಲ. ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ತಾನೇ ತಯಾರಿಸುತ್ತದೆ. ಶ್ವಾಸಕೋಶದ ಒಳಮೈಯನ್ನು ಒಂದು ತೆಳು ದ್ರವ ಸವರಿಕೊಂಡಿರುತ್ತದೆ. ಅದರಲ್ಲಿ ಗ್ಲುಟಾಥಯೋನ್ ಪ್ರಮಾಣ ರಕ್ತದ ಪ್ಲಾಸ್ಮಾದಲ್ಲಿ ಇರುವುದಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ಉಸಿರಿನ ಜೊತೆ ಏನೇನೋ ಬರುವ ಜಾಗ ಅದು, ಹಾಗಾಗಿ ಅಲ್ಲಿ ಕಾವಲು ಬಿಗಿ.

ಗಿಡದ ಸತ್ವಗಳು ಬಹುಮಟ್ಟಿಗೆ ಇನ್ನೊಂದು ದಾರಿಯಲ್ಲಿ ಕೆಲಸ ಮಾಡುತ್ತವೆ. ಜೀವಕೋಶದೊಳಗೆ ಎನ್ಆರ್‌ಎಫ್2 ಎಂಬ ಪ್ರೋಟೀನ್ ಇದೆ. ಅಪಾಯದ ಸುಳಿವು ಸಿಕ್ಕರೆ ಅದು ಗ್ಲುಟಾಥಯೋನ್ ಮತ್ತಿತರ ರಕ್ಷಣಾ ವಸ್ತುಗಳ ತಯಾರಿಕೆಯನ್ನು ಹೆಚ್ಚಿಸುತ್ತದೆ. ಸಲ್ಫೊರಾಫೇನ್, ಕರ್ಕ್ಯುಮಿನ್ ಮುಂತಾದವು ಈ ಪ್ರೋಟೀನನ್ನು ಎಬ್ಬಿಸುತ್ತವೆ. ಹೇಗೆ ಗೊತ್ತೇ? ತಾವೇ ಜೀವಕೋಶಕ್ಕೆ ಒಂಚೂರು ಕಿರಿಕಿರಿ ಕೊಟ್ಟು. ಪ್ರಮಾಣ ಸಣ್ಣದಿದ್ದರೆ ಜೀವಕೋಶ ಎಚ್ಚರಗೊಳ್ಳುತ್ತದೆ, ಜಾಸ್ತಿಯಾದರೆ ಸಾಯುತ್ತದೆ. ಆ್ಯಂಟಿಆಕ್ಸಿಡೆಂಟ್ ಎಂಬ ಹೆಸರು ಕೇಳಿ ನಾವು ಇದನ್ನು ಮರೆತೇಬಿಡುತ್ತೇವೆ.

ಇ-ಸಿಗರೇಟಿನ ಹನಿಗಳಲ್ಲಿರುವ ಅಕ್ರೋಲೀನ್ ನೇರವಾಗಿ ಗ್ಲುಟಾಥಯೋನ್‌ಗೆ ಅಂಟಿಕೊಂಡು ಅದನ್ನು ಖಾಲಿ ಮಾಡುತ್ತದೆ. ಲೋಹಗಳು ಹೊಸ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತವೆ. ಖರ್ಚು ಆದಾಯವನ್ನು ಮೀರಿದ ಸ್ಥಿತಿಗೆ ಆಕ್ಸಿಡೇಟಿವ್ ಒತ್ತಡ ಎನ್ನುತ್ತಾರೆ. ಸಂಶೋಧಕರಿಗೆ ಆ್ಯಂಟಿಆಕ್ಸಿಡೆಂಟ್‌ಗಳ ಮೇಲೆ ಆಸೆ ಹುಟ್ಟಿದ್ದು ಇದೇ ಕಾರಣಕ್ಕೆ.

ಪ್ರಯೋಗಾಲಯದಲ್ಲಿ ನಿಜಕ್ಕೂ ಏನು ಮಾಡುತ್ತಾರೆ

ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನವಿದು. ಸಿಗರೇಟು ಸೇದದ ಎಂಟು ಮಂದಿಯ ಶ್ವಾಸಕೋಶದ ತುಣುಕುಗಳಿಂದ ಅವರು ಮ್ಯಾಕ್ರೊಫೇಜ್‌ಗಳನ್ನು ತೆಗೆದರು. ಉಸಿರಿನ ಜೊತೆ ಬಂದ ಧೂಳು, ಬ್ಯಾಕ್ಟೀರಿಯಾಗಳನ್ನು ನುಂಗಿಹಾಕುವ ಜೀವಕೋಶಗಳಿವು. ಇ-ಸಿಗರೇಟಿನಿಂದ ಬಂದ ಆವಿಯನ್ನು ತಣಿಸಿ ಮತ್ತೆ ದ್ರವ ಮಾಡಿಕೊಂಡರು. ಕೆಲವು ಜೀವಕೋಶಗಳಿಗೆ ಬಿಸಿಯೇ ಮಾಡದ ದ್ರವ ಹಾಕಿದರು, ಕೆಲವಕ್ಕೆ ಆವಿಯಾಗಿ ಬಂದ ದ್ರವ ಹಾಕಿದರು.

ಆವಿಯಾಗಿ ಬಂದದ್ದೇ ಹೆಚ್ಚು ವಿಷಕಾರಿ ಎಂದು ಕಂಡಿತು. ಜೀವಕೋಶಗಳು ಸತ್ತವು. ಉಳಿದವು ಬ್ಯಾಕ್ಟೀರಿಯಾ ನುಂಗುವ ಶಕ್ತಿ ಕಳೆದುಕೊಂಡವು. ಆಮೇಲೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆ್ಯಂಟಿಆಕ್ಸಿಡೆಂಟ್ ಸೇರಿಸಿ ನೋಡಿದರು. ಹಾನಿ ತಗ್ಗಿತು, ನುಂಗುವ ಶಕ್ತಿ ಮರಳಿತು.

ಈ ವಸ್ತು ಆಸ್ಪತ್ರೆಗಳಿಗೆ ಹೊಸದಲ್ಲ. ಪ್ಯಾರಸಿಟಮಾಲ್ ಮಿತಿಮೀರಿ ನುಂಗಿದವರಿಗೆ ಕೊಡುವ ಮದ್ದು ಇದೇ. ಖಾಲಿಯಾದ ಗ್ಲುಟಾಥಯೋನನ್ನು ಯಕೃತ್ತಿನಲ್ಲಿ ಮತ್ತೆ ತುಂಬಿಸುತ್ತದೆ. ಅಂದರೆ ಆ್ಯಂಟಿಆಕ್ಸಿಡೆಂಟ್ ಕಲ್ಪನೆಯೇ ಸುಳ್ಳು ಎನ್ನಲು ಆಗುವುದಿಲ್ಲ. ಹಾನಿ ಎಲ್ಲಿ, ಯಾವ ದಾರಿಯಿಂದ ಆಗುತ್ತಿದೆ ಎಂದು ಗೊತ್ತಿದ್ದು, ಮದ್ದು ಅಲ್ಲಿಗೇ ಸಾಕಷ್ಟು ತಲುಪಿದರೆ ಅದು ಜೀವ ಉಳಿಸುತ್ತದೆ.

ಹಾಗಾದರೆ ಬರ್ಮಿಂಗ್‌ಹ್ಯಾಮ್ ಫಲಿತಾಂಶ ಏನು ಹೇಳುತ್ತದೆ? ಹಾನಿಯ ಒಂದು ದೊಡ್ಡ ಪಾಲು ಆಕ್ಸಿಡೇಟಿವ್ ಒತ್ತಡದ ಮೂಲಕ ಆಗುತ್ತಿದೆ ಎಂದು ಹೇಳುತ್ತದೆ. ವಿಷವಿಜ್ಞಾನಿಗಳು ಆ್ಯಂಟಿಆಕ್ಸಿಡೆಂಟ್ ಹಾಕಿ ನೋಡುವುದು ಅನೇಕ ಸಲ ಇದಕ್ಕೇ, ವಿಷದ ದಾರಿ ಪತ್ತೆ ಮಾಡಲು. ವೇಪ್ ಮಾಡುವವರು ಈ ಮಾತ್ರೆ ನುಂಗಲಿ ಎಂದು ಅವರು ಹೇಳಿಲ್ಲ. ಸುದ್ದಿಯ ತಲೆಬರಹದಲ್ಲಿ ಮೊದಲು ಕಳೆದುಹೋಗುವುದು ಈ ವ್ಯತ್ಯಾಸ.

ಇಲಿಗಳ ಮೇಲಿನ ಪ್ರಯೋಗಗಳಲ್ಲೂ ಗಮನಿಸಬೇಕಾದ ಅಂಶವಿದೆ. ಎಷ್ಟೋ ಅಧ್ಯಯನಗಳಲ್ಲಿ ಗಿಡದ ಸತ್ವವನ್ನು ಹೊಗೆಗೆ ಒಡ್ಡುವ ಮೊದಲೇ ಅಥವಾ ಜೊತೆಜೊತೆಗೇ ಕೊಡುತ್ತಾರೆ. ಈಗಾಗಲೇ ವರ್ಷಗಟ್ಟಲೆ ಎಳೆದವರ ಶ್ವಾಸಕೋಶ ಸರಿಹೋಗುತ್ತದೆಯೇ ಎಂಬ ಪ್ರಶ್ನೆಗೆ ಆ ಪ್ರಯೋಗ ಉತ್ತರಿಸುವುದಿಲ್ಲ.

ಅರಿಶಿನ ರಕ್ತಕ್ಕೆ ಎಷ್ಟು ತಲುಪುತ್ತದೆ

ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನನ್ನು ಜೀವಕೋಶದ ಮೇಲೆ ನೇರ ಸುರಿಯಬಹುದು. ಹೊಟ್ಟೆಗೆ ಹೋದರೆ ಕಥೆ ಬೇರೆ. ಅದು ನೀರಿನಲ್ಲಿ ಕರಗುವುದೇ ಕಷ್ಟ. ಕರುಳು ಸ್ವಲ್ಪವೇ ಹೀರುತ್ತದೆ. ಹೀರಿದ್ದನ್ನು ಕರುಳು ಮತ್ತು ಯಕೃತ್ತು ಕೂಡಲೇ ಬೇರೆ ರೂಪಕ್ಕೆ ಬದಲಿಸಿ ಹೊರಹಾಕುತ್ತವೆ.

ಇದನ್ನು ತೋರಿಸಿದ ಒಂದು ಪ್ರಸಿದ್ಧ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 1998ರಲ್ಲಿ ಅದನ್ನು ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಸಿಗಲೇ ಇಲ್ಲ, ಸಿಕ್ಕರೂ ತೀರಾ ಕಡಿಮೆ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಶೇ 2000ರಷ್ಟು ಏರಿತು. 'ಅರಿಶಿನದ ಜೊತೆ ಮೆಣಸು ಹಾಕಿ' ಎಂಬ ಸಲಹೆ ಲೋಕಕ್ಕೆಲ್ಲ ಹಬ್ಬಿದ್ದು ಈ ಅಧ್ಯಯನದಿಂದ.

ಈ ಅಂಕಿ ನೋಡಿ ಹಿಗ್ಗುವ ಮೊದಲು ಎರಡು ಲೆಕ್ಕ ಮಾಡಬೇಕು. ಇಲ್ಲವೆನ್ನುವಷ್ಟು ಕಡಿಮೆ ಇದ್ದದ್ದು ಎಷ್ಟೋ ಪಟ್ಟಾದರೂ ಅದು ಸಣ್ಣ ಪ್ರಮಾಣವೇ. ಎರಡನೆಯದು, ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಶೇ 3ರ ಆಸುಪಾಸು. 2 ಗ್ರಾಂ ಬೇಕೆಂದರೆ 60ರಿಂದ 70 ಗ್ರಾಂ ಪುಡಿ ತಿನ್ನಬೇಕು. ಹಾಲಿಗೆ ಹಾಕುವ ಚಿಟಿಕೆ ಎಲ್ಲಿ, ಇದೆಲ್ಲಿ! ಹಾಗೆಂದು ಪೈಪರಿನ್ ಬೆರೆಸಿದ ಮಾತ್ರೆಗಳನ್ನು ದಿನವೂ ನುಂಗುವುದೂ ನಿಶ್ಚಿಂತೆಯ ಮಾತಲ್ಲ. ಅಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಡುಗೆಯ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾರಿಗೆ, ಪಲ್ಯಕ್ಕೆ ಧಾರಾಳವಾಗಿ ಹಾಕಿ.

ಹೊಟ್ಟೆಯ ದಾರಿ ಬೇರೆ, ಉಸಿರಿನ ದಾರಿ ಬೇರೆ

ಈಗ 'ಹರ್ಬಲ್' ಮಾತಿಗೆ ಬರೋಣ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಎಣ್ಣೆ ಸ್ವಲ್ಪ ಜಾಸ್ತಿ ಕಾದಿದ್ದರೆ ಏನಾಗುತ್ತದೆ? ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿ, ಸೀನಿ, ಕಿಟಕಿ ತೆಗೆಯಲು ಓಡುತ್ತಾರೆ. ಐದು ನಿಮಿಷದ ನಂತರ ಅದೇ ಒಗ್ಗರಣೆ ಹಾಕಿದ ಸಾರನ್ನು ಸುರಿದುಕೊಂಡು ಊಟ ಮಾಡುತ್ತಾರೆ. ಮೆಣಸಿನಕಾಯಿ ಬದಲಾಗಲಿಲ್ಲ, ಒಳಗೆ ಹೋದ ದಾರಿ ಬದಲಾಯಿತು.

ಬಾಯಿಯಿಂದ ಹೋದದ್ದಕ್ಕೆ ಹೊಟ್ಟೆಯ ಆಮ್ಲ, ಕರುಳಿನ ದಪ್ಪ ಲೋಳೆ, ಯಕೃತ್ತಿನ ತಪಾಸಣೆ ಇವೆಲ್ಲ ಎದುರಾಗುತ್ತವೆ. ಶ್ವಾಸಕೋಶದಲ್ಲಿ ಅಂಥ ಸಾಲು ಇಲ್ಲ. ಅಲ್ಲಿ ಕೋಟಿಗಟ್ಟಲೆ ಗಾಳಿಚೀಲಗಳಿವೆ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳ್ಳಗೆ. ಆಮ್ಲಜನಕ ಸಲೀಸಾಗಿ ದಾಟಲೆಂದು ಇರುವ ಏರ್ಪಾಡು ಅದು. ಬೇರೆಯವೂ ಅಲ್ಲಿಂದಲೇ ನುಸುಳುತ್ತವೆ.

ಚಕ್ಕೆಯ ಉದಾಹರಣೆ ನೋಡಿ. ಅದರ ಪರಿಮಳ ಸಿನಮಾಲ್ಡಿಹೈಡ್ ಎಂಬ ಸತ್ವದಿಂದ ಬರುತ್ತದೆ. ಪಲಾವಿನ ಜೊತೆ ತಿಂದರೆ ದೇಹ ಅದನ್ನು ಬೇಗನೆ ಸಿನಾಮಿಕ್ ಆಮ್ಲವಾಗಿ ಬದಲಿಸಿ, ಕೊನೆಗೆ ಮೂತ್ರದಲ್ಲಿ ಕಳಿಸುತ್ತದೆ. ಇದೇ ಸತ್ವ ಸಣ್ಣ ಪ್ರಮಾಣದಲ್ಲಿ ಎನ್ಆರ್‌ಎಫ್2ವನ್ನು ಎಬ್ಬಿಸುತ್ತದೆ. ಹಾಗಾಗಿ 'ಚಕ್ಕೆಯಲ್ಲಿ ಆ್ಯಂಟಿಆಕ್ಸಿಡೆಂಟ್ ಗುಣ' ಎಂಬ ಸುದ್ದಿ ಸುಳ್ಳಲ್ಲ. ಇದನ್ನೇ ವೇಪ್ ದ್ರವಕ್ಕೆ ಸುವಾಸನೆಯಾಗಿ ಹಾಕುತ್ತಾರೆ. ಉಸಿರುನಾಳದ ಒಳಗೋಡೆಯಲ್ಲಿ ಸಣ್ಣ ರೋಮಗಳು ಸದಾ ಬಡಿಯುತ್ತಾ ಧೂಳು, ಕಫವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಅಮೆರಿಕದ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ಸಂಶೋಧಕರು ಸಿನಮಾಲ್ಡಿಹೈಡ್ ಇರುವ ವೇಪ್ ದ್ರವವನ್ನು ಅಂಥ ಜೀವಕೋಶಗಳಿಗೆ ತಾಗಿಸಿದಾಗ ರೋಮಗಳ ಬಡಿತ ಕುಗ್ಗಿತು. ಜೀವಕೋಶದ ಶಕ್ತಿ ತಯಾರಿಕೆಯೇ ಕೆಟ್ಟಿತ್ತು.

'ಆಹಾರಕ್ಕೆ ಸುರಕ್ಷಿತ' ಎಂಬ ಮುದ್ರೆ ಇರುವುದು ತಿನ್ನುವುದಕ್ಕೆ ಮಾತ್ರ. ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್‌ಗೂ ಅಂಥ ಮುದ್ರೆ ಇತ್ತು. ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಆವಿ ಕುಡಿದ ಕಾರ್ಮಿಕರ ಸಣ್ಣ ಉಸಿರುನಾಳಗಳು ಮತ್ತೆ ಸರಿಯಾಗದಂತೆ ಕಟ್ಟಿಕೊಂಡದ್ದು 2000ದಲ್ಲಿ ಬೆಳಕಿಗೆ ಬಂತು.

2019ರಲ್ಲಿ ಅಮೆರಿಕದಲ್ಲಿ ನಡೆದದ್ದು

2019ರ ಬೇಸಿಗೆಯಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಗಟ್ಟಿಮುಟ್ಟಾದ ಹುಡುಗ ಹುಡುಗಿಯರು ಉಸಿರಾಡಲಾರದೆ ಬರತೊಡಗಿದರು. ಸೋಂಕು ಇರಲಿಲ್ಲ. ಎಲ್ಲರೂ ವೇಪ್ ಮಾಡುತ್ತಿದ್ದರು. ಬಹುತೇಕರು ಗಾಂಜಾದ ಅಂಶವಿರುವ, ಅನಧಿಕೃತವಾಗಿ ಮಾರಾಟವಾದ ಕಾರ್ಟ್ರಿಜ್ ಬಳಸಿದ್ದರು. 2020ರ ಫೆಬ್ರವರಿ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಪ್ರಕರಣಗಳು 2,807. ಸತ್ತವರು 68 ಮಂದಿ.

ರೋಗಿಗಳ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವವನ್ನು ಪರೀಕ್ಷಿಸಿದಾಗ 51 ಜನರಲ್ಲಿ 48 ಮಂದಿಯಲ್ಲಿ ಒಂದೇ ವಸ್ತು ಸಿಕ್ಕಿತು: ವಿಟಮಿನ್ ಇ ಅಸಿಟೇಟ್. ಹೋಲಿಕೆಗೆ ನೋಡಿದ 99 ಆರೋಗ್ಯವಂತರಲ್ಲಿ ಒಬ್ಬರಲ್ಲೂ ಇರಲಿಲ್ಲ. ಗಾಂಜಾ ಎಣ್ಣೆಯನ್ನು ಹಿಗ್ಗಿಸಲು, ಮಂದವಾಗಿ ಕಾಣಿಸಲು ಮಾರುವವರು ಇದನ್ನು ಬೆರೆಸಿದ್ದರು. ಆಮೇಲೆ ಇದನ್ನೇ ಇಲಿಗಳಿಗೆ ಉಸಿರಾಡಿಸಿದಾಗ ಅವುಗಳ ಶ್ವಾಸಕೋಶಕ್ಕೂ ಹಾನಿಯಾಯಿತು.

ಇದು ಯಾವುದೋ ಕಾರ್ಖಾನೆಯ ಭಯಂಕರ ರಾಸಾಯನಿಕವಲ್ಲ. ಮುಖಕ್ಕೆ ಹಚ್ಚುವ ಕ್ರೀಮ್‌ನಲ್ಲಿ, ವಿಟಮಿನ್ ಮಾತ್ರೆಯಲ್ಲಿ ಇರುವ ವಸ್ತು. ನುಂಗಿದಾಗ ಕರುಳಿನ ಕಿಣ್ವಗಳು ಅಸಿಟೇಟ್ ತುಂಡನ್ನು ಕತ್ತರಿಸಿ ತೆಗೆಯುತ್ತವೆ. ಆಗಷ್ಟೇ ಅದು ಆ್ಯಂಟಿಆಕ್ಸಿಡೆಂಟ್ ಆಗಿ ಕೆಲಸ ಮಾಡುವ ವಿಟಮಿನ್ ಇ ಆಗುತ್ತದೆ. ಗಾಳಿಚೀಲಗಳು ಮುದುಡಿಕೊಳ್ಳದಂತೆ ಹಿಡಿದಿರುವ ತೆಳು ಜಿಡ್ಡಿನ ಪದರವನ್ನು ಈ ವಸ್ತು ಕೆಡಿಸಿರಬಹುದು, ಬಿಸಿಯಲ್ಲಿ ಒಡೆದು ಕೀಟೀನ್ ಎಂಬ ವಿಷಾನಿಲ ಆಗಿರಬಹುದು ಎಂಬ ವಿವರಣೆಗಳಿವೆ. ಬಾಟಲಿಯ ಮೇಲೆ 'ವಿಟಮಿನ್' ಎಂದು ಬರೆದಿದ್ದರೆ ಯಾರಿಗೆ ತಾನೇ ಭಯವಾಗುತ್ತದೆ? ನನಗೆ ಈ ಪ್ರಕರಣದಲ್ಲಿ ಅತ್ಯಂತ ಸಂಕಟದ ಸಂಗತಿ ಇದೇ.

ಮಾತ್ರೆಯಾಗಿ ನುಂಗಿದರೆ?

ಉಸಿರಾಡುವುದು ಬೇಡ, ಮಾತ್ರೆ ನುಂಗಿದರೆ ಶ್ವಾಸಕೋಶ ಉಳಿಯುತ್ತದೆಯೇ? ವೇಪ್ ಮಾಡುವವರ ಮೇಲೆ ಅಂಥ ದೊಡ್ಡ, ದೀರ್ಘ ಪರೀಕ್ಷೆ ಆಗಿಲ್ಲ. ಸಿಗರೇಟು ಸೇದುವವರ ಮೇಲೆ ಆಗಿದೆ.

ತರಕಾರಿ, ಹಣ್ಣು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಮೊದಲೇ ಕಂಡಿತ್ತು. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್ ಕಾರಣವಿರಬಹುದು ಎಂದು ಫಿನ್ಲೆಂಡಿನಲ್ಲಿ 29,133 ಗಂಡಸರನ್ನು ಆರಿಸಿಕೊಂಡರು. ಎಲ್ಲರೂ ಸಿಗರೇಟು ಸೇದುವ 50ರಿಂದ 69ರ ಪ್ರಾಯದವರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಸತ್ವವಿಲ್ಲದ ಮಾತ್ರೆ. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ದಂಗಾದರು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಇತ್ತು. ವಿಟಮಿನ್ ಇ ಈ ಕ್ಯಾನ್ಸರನ್ನು ತಗ್ಗಿಸಲಿಲ್ಲ.

ಇದು ಆಕಸ್ಮಿಕವೇ? ಅಮೆರಿಕದಲ್ಲಿ ಆಗಲೇ 18,314 ಮಂದಿಯ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಅವರು ಸಿಗರೇಟು ಸೇದುವವರು, ಬಿಟ್ಟವರು, ಕಲ್ನಾರಿನ ಧೂಳಿನಲ್ಲಿ ದುಡಿದವರು. ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಶೇ 28ರಷ್ಟು ಜಾಸ್ತಿ, ಸಾವು ಶೇ 17ರಷ್ಟು ಜಾಸ್ತಿ. 1996ರ ಜನವರಿಯಲ್ಲಿ, ಮುಗಿಯಲು ಇನ್ನೂ 21 ತಿಂಗಳು ಇರುವಾಗಲೇ, ಮಾತ್ರೆ ನಿಲ್ಲಿಸಿಬಿಟ್ಟರು.

ಯಾಕೆ ಹೀಗಾಯಿತು? ಹೊಗೆ ತುಂಬಿದ ಶ್ವಾಸಕೋಶದಲ್ಲಿ ಬೀಟಾ ಕ್ಯಾರೊಟಿನ್ ತಾನೇ ಒಡೆದು ಹಾನಿಕಾರಕ ತುಣುಕುಗಳಾಗುತ್ತದೆ ಎನ್ನುವುದು ಒಂದು ವಿವರಣೆ. ಫೆರೆಟ್ ಎಂಬ ಸಣ್ಣ ಪ್ರಾಣಿಗಳ ಮೇಲಿನ ಪ್ರಯೋಗ ಅದಕ್ಕೆ ಬೆಂಬಲ ಕೊಟ್ಟಿತು. ಇನ್ನೊಂದು ಸುಳಿವು 2014ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಬಂತು. ಶ್ವಾಸಕೋಶದಲ್ಲಿ ಗಡ್ಡೆ ಶುರುವಾಗಿದ್ದ ಇಲಿಗಳಿಗೆ ಎನ್-ಅಸಿಟೈಲ್ ಸಿಸ್ಟೀನ್ ಅಥವಾ ವಿಟಮಿನ್ ಇ ಕೊಟ್ಟಾಗ ಗಡ್ಡೆಗಳು ಇನ್ನೂ ಬೇಗ ಬೆಳೆದವು. ಕೆಟ್ಟ ಜೀವಕೋಶಕ್ಕೂ ಆಕ್ಸಿಡೇಟಿವ್ ಒತ್ತಡ ಇರುತ್ತದೆ. ಅದರ ಡಿಎನ್ಎ ಕೆಟ್ಟಾಗ ಪಿ53 ಎಂಬ ಪ್ರೋಟೀನ್ ಎಚ್ಚೆತ್ತು ಬೆಳವಣಿಗೆಯನ್ನು ತಡೆಯುತ್ತದೆ. ಆ್ಯಂಟಿಆಕ್ಸಿಡೆಂಟ್ ಆ ಒತ್ತಡ ಇಳಿಸಿದಾಗ ಪಿ53 ಸುಮ್ಮನಾಗುತ್ತದೆ. ಬರ್ಮಿಂಗ್‌ಹ್ಯಾಮ್ ತಟ್ಟೆಯಲ್ಲಿ ಒಳ್ಳೆಯ ಜೀವಕೋಶವನ್ನು ಉಳಿಸಿದ ಅದೇ ವಸ್ತು ಇಲ್ಲಿ ಕೆಟ್ಟದ್ದನ್ನೂ ಕಾಪಾಡಿತು.

ಕ್ಯಾರೆಟ್ ತಿನ್ನುವುದು ಬಿಡಬೇಕೇ? ಖಂಡಿತ ಬೇಡ. ಹಾನಿ ಕಂಡದ್ದು ಹೊಗೆಗೆ ಒಡ್ಡಿಕೊಂಡವರು ದೊಡ್ಡ ಪ್ರಮಾಣದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದಾಗ.

ಮುಂದಿನ ಸಲ ಸುದ್ದಿ ಕಂಡಾಗ

'ಇ-ಸಿಗರೇಟಿನ ಹಾನಿಗೆ ಗಿಡಮೂಲಿಕೆ ಪರಿಹಾರ' ಎಂಬ ತಲೆಬರಹ ಕಂಡರೆ ಮೊದಲು ಯಾರ ಮೇಲೆ ಪ್ರಯೋಗ ಎಂದು ನೋಡಿ: ತಟ್ಟೆಯ ಜೀವಕೋಶವೋ, ಇಲಿಯೋ, ಮನುಷ್ಯನೋ. ಆಮೇಲೆ ಎಷ್ಟು ಪ್ರಮಾಣ, ಯಾವ ದಾರಿಯಲ್ಲಿ ಕೊಟ್ಟರು, ಹೊಗೆಗೆ ಮೊದಲೋ ನಂತರವೋ. ಅಳೆದದ್ದು ಏನು ಎನ್ನುವುದೂ ಮುಖ್ಯ. ರಕ್ತದಲ್ಲಿ ಒಂದು ರಾಸಾಯನಿಕ ಇಳಿಯುವುದು ಬೇರೆ, ಕಾಯಿಲೆ ಕಡಿಮೆಯಾಗುವುದು ಬೇರೆ. ಇನ್ನು ನಿಕೋಟಿನ್ ಚಟ? ಯಾವ ಆ್ಯಂಟಿಆಕ್ಸಿಡೆಂಟ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅದನ್ನು ಮುಟ್ಟುವುದೇ ಇಲ್ಲ.

'ಹರ್ಬಲ್' ವೇಪ್‌ಗೆ ಕಾನೂನಿನಲ್ಲೂ ಬೇರೆ ಜಾಗವಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ನಿಕೋಟಿನ್ ಇರಲಿ, ಇಲ್ಲದಿರಲಿ, ವಸ್ತುವನ್ನು ಬಿಸಿ ಮಾಡಿ ಉಸಿರಾಡಿಸುವ ಸಾಧನ ಅದರ ವ್ಯಾಪ್ತಿಗೆ ಬರುತ್ತದೆ. ತಯಾರಿಕೆ, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ವಿಟಮಿನ್ ಅಥವಾ ಸುಗಂಧ ತೈಲಗಳನ್ನು ವೇಪ್ ಮಾಡಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2021ರ ಡಿಸೆಂಬರ್‌ನಲ್ಲಿ ಜನರನ್ನು ಎಚ್ಚರಿಸಿತು.

ವೇಪ್ ಮಾಡುವವರಿಗೆ ಕೆಮ್ಮು, ಎದೆನೋವು, ಏದುಸಿರು ಬಂದರೆ ಡಾಕ್ಟರ ಹತ್ತಿರ ವೇಪ್ ವಿಷಯವನ್ನು ಮುಚ್ಚಿಡಬಾರದು. ಕಾನೂನಿಗೆ ಹೆದರಿ ಹೇಳದೆ ಹೋದರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಬಿಡಬೇಕು ಅನ್ನಿಸಿದರೆ 1800-11-2356ಕ್ಕೆ ಕರೆ ಮಾಡಬಹುದು. ಇದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಕನ್ನಡದಲ್ಲೇ ಮಾತಾಡಬಹುದು.